ಕರಡಿಗೆಯ ಬೆನ್ನಿನ ಎಲೆ

ಯೋಗಿರಾಜ ಅಲ್ಲದಿದ್ದರೆ ಮತ್ತಾರು? ಆದರೆ ಯೋಗಿರಾಜ ಹೇಗೆ? ಉದಯಕುಮಾರ ಪೊಲೀಸ್ ದೂರಿನ ಮುಂದೆ ಪೆನ್ನು ಹಿಡಿದು ಕೂತಿದ್ದ. ಸಹಿಯೊಂದು ಬಾಕಿ. ಅದು ಬಿದ್ದರೆ ಅಕ್ಕಲಕೋಟದ ಆ ಎರಕದವನ ಕೈಗೆ ಮುಂದೆ ಯಾವ ಸರಾಫನೂ ಬೆಳ್ಳಿ ಕೊಡುವುದಿಲ್ಲ.

ಉದಯಕುಮಾರ ಕಂಪ್ಯೂಟರಿನಲ್ಲಿ ಕೊರಳಲ್ಲಿ ಧರಿಸುವ ಲಿಂಗದ ಕರಡಿಗೆಗಳ ತ್ರಿಡಿ ಮಾದರಿ ಮಾಡುತ್ತಿದ್ದ. ಯೋಗಿರಾಜ ಅದನ್ನು ಮೇಣದಲ್ಲಿ ಮುದ್ರಿಸಿ ಬೆಳ್ಳಿಯಲ್ಲಿ ಎರೆಯುತ್ತಿದ್ದ. ಫೈಲು ಹೊರಗೆ ಹೋಗುತ್ತಿದ್ದುದು ಅವನೊಬ್ಬನಿಗೆ, ಅದೂ ಬೀಗ ಹಾಕಿ. ಈಗ ಬಿಲ್ವಬಳ್ಳಿಯ ಹೊಸ ಕರಡಿಗೆ ಹಿತ್ತಾಳೆಯಲ್ಲಿ ಎರಕವಾಗಿ, ಬೆಳ್ಳಿ ನೀರು ಕುಡಿದು, ಅಕ್ಕಲಕೋಟದ ಬೀದಿಯ ಹೊಸ ಅಂಗಡಿಯೊಂದರಲ್ಲಿ ರಾಶಿ ಬಿದ್ದಿತ್ತು.

"ಅಂವನ್ನ ಬಿಟ್ರ ಯಾರ ಹತ್ರ ಐತಿ? ಅಂವನೇ ಕಳ್ಳ," ಎಂದಿದ್ದರು ತಂದೆ ಸಿದ್ದಣ್ಣ, ತಕ್ಕಡಿಗೂ ಕಂಪ್ಯೂಟರಿಗೂ ಎಂದಿನಂತೆ ಊದಿನಕಡ್ಡಿ ಬೆಳಗುತ್ತ. ಪರದೆ ಕಪ್ಪಗಿದ್ದರೆ ಪೂಜೆ ಸಲ್ಲದೆಂದು ಅವರೇ ಪಾಸ್‌ವರ್ಡ್ ಹೊಡೆದು ಅದನ್ನು ತೆರೆಯುತ್ತಿದ್ದರು.

ಪಕ್ಕದ ಮನೆಯ ವೇಣೂಬಾಯಿ ಬ್ಯಾಂಕಿನಲ್ಲಿ ಖೋಟಾ ನೋಟು ಪತ್ತೆಹಚ್ಚಿಯೇ ಹೆಸರಾದವರು. ಸೋಲಾಪುರದ ಯಾರ ಮನೆಯ ಕಳವಿನ ಪತ್ತೆಗೆ ಅವರು ಹೊರಟರೂ ಸ್ಕೂಟರು ಉದಯಕುಮಾರನದೇ. ಈ ಸಲ ಸ್ಕೂಟರು ಬೇಕಾಗಲಿಲ್ಲ.

"ಥಾಂಬ ಜರಾ, ತಡಿ," ಎಂದು ಅವರು ಪೆನ್ನು ಕಿತ್ತುಕೊಂಡರು. "ನಕಲಿ ಮಾಲು ತಿರುವಿ ನೋಡಿದ್ಯೇನು?"

"ಇಲ್ಲ ಮಾವಶಿ. ಮುಂದ ನೋಡಿದ ಕೂಡಲೇ ಹೊಟ್ಟಿ ಉರೀತು."

"ಇಷ್ಟ ದಿನ ನನ್ನ ಸಂಗಾಟ ತಿರುಗಿ ಇದ ಏನೋ ಕಲ್ತದ್ದು? ಯೋಗಿರಾಜಗ ಫೋನ್ ಹಚ್ಚು."

ಮಧ್ಯಾಹ್ನ ಎಲ್ಲರೂ ಕೋಣೆಯಲ್ಲಿ ಸೇರಿದರು. ಯೋಗಿರಾಜ ಬಾಗಿಲಲ್ಲೇ ನಿಂತ; ಕೂತುಕೋ ಎಂದು ಯಾರೂ ಅನ್ನಲಿಲ್ಲ. ವೇಣೂಬಾಯಿ ಎರಡು ಕರಡಿಗೆಗಳನ್ನು ಬೋರಲು ಹಾಕಿದರು. ಯೋಗಿರಾಜನ ಬೆಳ್ಳಿಯದರ ಬೆನ್ನಿನ ಬಳ್ಳಿಯಲ್ಲಿ ಒಂದೆಡೆ ಎಲೆಯಿರಲಿಲ್ಲ. ನಕಲಿಯಲ್ಲಿ ಅಲ್ಲೊಂದು ಎಲೆಯಿತ್ತು. ಅದರ ಅಂಚು ಹುಳ ತಿಂದಂತಿತ್ತು.

"ಇದ್ಯಾಕ ಖಾಲಿ, ಉದಯಾ?"

"ಮೊದಲ ಅಲ್ಲೆ ಹುಳ ತಿಂದ ಎಲಿ ಮಾಡಿದ್ದೆ. ಅವ್ವ ಬೈದ್ಳು, ತಗದು ಹಾಕಿದೆ."

"ಬೈಯದ ಬಿಡತೇನೇನು?" ಎಂದರು ತಾಯಿ ಕಸ್ತೂರಬಾಯಿ. "ಹುಳ ತಿಂದ ಪತ್ರಿ ಲಿಂಗಕ್ಕ ಯಾರರೆ ಏರಸ್ತಾರೇನು?"

"ಖಾಲಿ ಜಾಗಾ ಯೋಗಿರಾಜನೇ ತುಂಬಿರಬೇಕು," ಎಂದರು ಸಿದ್ದಣ್ಣ.

"ತುಂಬೋ ಮನಶ್ಯಾ ಚಲೋ ಎಲಿ ತುಂಬ್ತಾನ್ರಿ, ಸಿದ್ದಣ್ಣಾರ. ಉದಯಾ, ನಿನ್ನ ಮೊದಲಿನ ಫೈಲು ತೆಗಿ."

ಅಳಿಸಲು ಮನಸ್ಸಾಗದೆ ಅವನು ಉಳಿಸಿಕೊಂಡಿದ್ದ ಫೈಲು ಅದು. ಪರದೆಯ ಮೇಲೆ ಅದೇ ಎಲೆ, ಅದೇ ಕಡಿತ.

"ಯೋಗಿರಾಜಗ ಹೋಗಿದ್ದು ಎಲಿ ಇಲ್ಲದ್ದು. ಪ್ಯಾಟಿಗೆ ಬಂದ ಬೆಳ್ಳಿ ಮಾಲಿನ್ಯಾಗೂ ಎಲಿ ಇಲ್ಲ. ಎಲಿ ಇದ್ದದ್ದು ಈ ಮಶೀನಿನ್ಯಾಗ ಅಷ್ಟ. ಕಸ್ತೂರಬಾಯಿ ಇದನ್ನ ಮುಟ್ಟೋದಿಲ್ಲ. ಉದಯ ತನ್ನ ಮಾಲು ತಾನ ಕದಿಯೋದಿಲ್ಲ. ಪಾಸ್‌ವರ್ಡ್ ಗೊತ್ತಿದ್ದ ಮೂರನೇ ಮನಶ್ಯಾ ದಿನಾ ಊದಿನಕಡ್ಡಿ ಹಚ್ಚತಾನ." ವೇಣೂಬಾಯಿ ದನಿ ತಗ್ಗಿಸಿದರು. "ಆ ಅಂಗಡಿ ನಿಮ್ಮ ತಂಗಿ ಮಗಾ ಆಶಿಷಂದು. ಹೌದಲ್ರಿ?"

ಸಿದ್ದಣ್ಣ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹೊಸಾ ದುಕಾನ. ಒಂದ ಡಿಝೈನ್ ಕೊಡ್ರಿ ಮಾಮಾ ಅಂದ. ಮಶೀನು ತೆಗೆದು ಕೊಟ್ಟೆ, ಅಂವ ಫೈಲು ತನ್ನ ಪೆನ್‌ಡ್ರೈವಿನ್ಯಾಗ ಹಾಕ್ಕೊಂಡ. ನಮ್ಮ ಅಪ್ಪನ ಕಾಲದಾಗ ಬಂಧು ಬಳಗಕ್ಕ ಅಚ್ಚ ಕೊಡ್ತಿದ್ವಿ, ಯಾರೂ ಕಳವು ಅಂದಿಲ್ಲ." ಅವರು ಮಗನತ್ತ ತಿರುಗಿದರು. "ನಿಂದು ನಿನ್ನ ಹತ್ರ ಐತೆಲ್ಲೊ. ಹೋದದ್ದರೆ ಏನು?"

"ನನ್ನ ಹೆಸರು ಹೋಗತಿತ್ರಿ, ಕಾಕಾ," ಎಂದ ಯೋಗಿರಾಜ. ಕಸ್ತೂರಬಾಯಿ ಚಹಾಕ್ಕೆ ನಿಲ್ಲೆಂದರು. ಅವನು ನಿಲ್ಲಲಿಲ್ಲ.

ಉದಯಕುಮಾರ ದೂರನ್ನು ಹರಿದ. ಆಶಿಷನ ಅಂಗಡಿಯಿಂದ ನಕಲಿ ಮಾಲು ಹಿಂದಕ್ಕೆ ಬಂತು, ಯೋಗಿರಾಜನೂ ಕೆಲವು ದಿನಗಳ ಮೇಲೆ ಫೋನ್ ಎತ್ತಿದ. ಮನೆಯಲ್ಲಿ ಆ ಮಾತು ಮತ್ತೆ ಬರಲಿಲ್ಲ. ಯೋಗಿರಾಜ ಕಳ್ಳನೆಂದು ತಾನು ನಂಬಿದ್ದು, ಅದು ಅಪ್ಪನ ಬಾಯಿಂದ ಬಂದ ಮಾತೆಂಬ ಒಂದೇ ಕಾರಣಕ್ಕೆ. ಇದನ್ನು ಉದಯಕುಮಾರ ಅಪ್ಪನಿಗೆ ಎಂದೂ ಹೇಳಲಿಲ್ಲ.