ಬೆಟ್ಟಯ್ಯನವರ ತಿಥಿ ಕಾರ್ಡು

ದೇವರಾಜ ಮೊಹಲ್ಲಾದಲ್ಲಿ ನನ್ನದೊಂದು ಸಣ್ಣ ಪ್ರೆಸ್ಸಿದೆ. ಕಾರ್ಡು ಮಾಡಿಸುವವರು ಒಕ್ಕಣೆಯನ್ನು ಇಮೇಲಿನಲ್ಲಿ ಕಳಿಸುತ್ತಾರೆ. ಕರಡು ತಿದ್ದುವ ಬೆಟ್ಟಯ್ಯನವರು ಮೂಲೆಯ ಕುರ್ಚಿಯಲ್ಲಿ ಕೂತು, ಅಂಗಡಿಯ ಮೊಬೈಲಿನಲ್ಲಿ ಎಲ್ಲ ಓದಿ, ಒಂದೊಂದು ಮೇಲ್‌ಗೂ ‘ಸರಿ’ ಅಥವಾ ‘ತಪ್ಪಿದೆ’ ಎಂದು ಲೇಬಲ್ ಹಾಕುತ್ತಿದ್ದರು. ಹೋದ ತಿಂಗಳು ತೀರಿಕೊಂಡರು.

ಅವರದೇ ತಿಥಿ ಕಾರ್ಡಿನ ಒಕ್ಕಣೆ ಬಂದಾಗ ನಾನೇ ಓದಿ ‘ಸರಿ’ ಹಾಕಿದೆ. ಕಾಫಿ ಕುಡಿದು ಬರುವಷ್ಟರಲ್ಲಿ ಅದು ‘ತಪ್ಪಿದೆ’ ಆಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

“ಸತ್ತೋರ ವಿಷಯದಲ್ಲೂ ತಮಾಷೆನೇನೋ?” ಎಂದು ಮಷೀನ್ ನಡೆಸುವ ಬೀರೇಶನ ಮೇಲೆ ಕೂಗಾಡಿದೆ.

“ನಾನ್ ಮುಟ್ಟೇ ಇಲ್ಲ ಕಣಣ್ಣ. ಕೈಯೆಲ್ಲ ಇಂಕು ನೋಡಿ,” ಎಂದ.

ಫೋನನ್ನು ಕೈಯಲ್ಲೇ ಹಿಡಿದುಕೊಂಡು ಆ ಲೇಬಲ್ ತೆಗೆದೆ. ನಡುಮಧ್ಯಾಹ್ನದ ಸೆಕೆಯಲ್ಲಿ ಫೋನು ಕೊರೆಯುವಷ್ಟು ತಣ್ಣಗಿತ್ತು. ಮೂಲೆಯಿಂದ ಬಾಲ್‌ಪೆನ್ನಿನ ಗುಂಡಿ ಒತ್ತಿದಂತೆ ಟಿಕ್ ಎಂಬ ಸದ್ದು ಬಂತು. ತಪ್ಪು ಕಂಡಾಗಲೆಲ್ಲ ಬೆಟ್ಟಯ್ಯ ಹಾಗೆ ಒತ್ತುತ್ತಿದ್ದರು. ನೋಡಿದರೆ ‘ತಪ್ಪಿದೆ’ ಮತ್ತೆ ಬಂದು ಕೂತಿತ್ತು.

ಬೀರೇಶನ ಫೋನಿನಿಂದ ಬೆಟ್ಟಯ್ಯನವರ ಹೆಂಡತಿ ಚಾಮುಂಡಮ್ಮನಿಗೆ ಕರೆ ಮಾಡಿ, ಹೆಸರು, ಊರು, ವಾರ, ತಾರೀಕು ಎಲ್ಲ ಓದಿ ಹೇಳಿದೆ.

“ಎಲ್ಲಾ ಸರ್ಯಾಗೈತೆ ಕಣಪ್ಪ, ಅಚ್ಚಾಕ್ಬುಡು,” ಎಂದರು.

ಇಪ್ಪತ್ತು ವರ್ಷದಲ್ಲಿ ಆ ಮನುಷ್ಯ ಸರಿಯಿದ್ದದ್ದನ್ನು ಒಮ್ಮೆಯೂ ತಪ್ಪು ಎಂದವರಲ್ಲ. ಅದು ನೆನಪಾಗಿ ಕೋಪ ಇನ್ನೂ ಏರಿತು.

“ಎಲ್ಲಿದೆ ತಪ್ಪು, ತೋರ್ಸಿ ನೋಡೋಣ,” ಎಂದು ಖಾಲಿ ಕುರ್ಚಿಗೆ ಕೂಗಿದೆ.

ಟಿಕ್.

ನನ್ನ ಬೆರಳು ಪರದೆಯ ಮೇಲಿರಲಿಲ್ಲ. ಆದರೂ ಇಡೀ ಒಕ್ಕಣೆಯಲ್ಲಿ ಒಂದೇ ಒಂದು ಪದ ನೀಲಿಯಾಯಿತು: ‘ನಿಧನರಾದರು’.