ಕುಡಿಯದವನ ಸಾಕ್ಷಿ

"ದೇವಾನಂದ ಅಂದ್ರ ಯಾರ್ರಿ ಇಲ್ಲಿ?"

ಲಗ್ನಪತ್ರಿಕೆಯ ಪ್ರೂಫ್ ನೋಡುತ್ತಿದ್ದ ಯುವಕ ತಲೆಯೆತ್ತಿದ. ಪುಣೆಯ ಖರಾಡಿ ಬಡಾವಣೆಯ ಆ ಪುಟ್ಟ ಡಿಟಿಪಿ ಅಂಗಡಿಯ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಕಣ್ಣು ಕೆಂಪಾಗಿತ್ತು. ಅತ್ತಿದ್ದಕ್ಕೋ, ಸಿಟ್ಟಿಗೋ… ಹೇಳುವುದು ಕಷ್ಟ.

"ನಾನರೀ. ಒಳಗ ಬರ್ರಿ… ಕೂಡ್ರಿ."

"ಕೂಡಲಕ್ಕ ಬಂದಿಲ್ಲ!" ಅವಳು ಒಂದು ಪ್ರಿಂಟೌಟನ್ನು ಅವನ ಕೀಬೋರ್ಡಿನ ಮೇಲೆ ಬಡಿದಳು. "ಇದನ್ನ ಟೈಪ್ ಮಾಡಿದವರು ನೀವೇ ಹೌದಲ್ಲ? ಕೆಳಗ ಹೆಸರು ಅದ. ಓದ್ರಿ, ಜೋರಾಗಿ ಓದ್ರಿ!"

ಅವನು ಓದಲಿಲ್ಲ. ಅವಳೇ ಓದಿದಳು.

"'ನಾನು ದಿನಾಲೂ ಕುಡಿದು ಬಂದು ನನ್ನ ಹೆಂಡತಿ ಚಂದಮ್ಮನನ್ನು ಬೆಲ್ಟಿನಿಂದ ಹೊಡೆಯುತ್ತಿದ್ದೆನು…'"

ಮುಂದೆ ಓದದೆ ಹಾಳೆಯನ್ನು ಕೆಳಗಿಟ್ಟಳು.

"ನಾ ಶಿವಪ್ಪನ ಮಗಳು, ಆರತಿ. ನಮ್ಮಪ್ಪ ಹುಟ್ಟಿದಾಗಿಂದ ಒಂದು ಹನಿ ಮುಟ್ಟಿಲ್ಲ. ಅವ್ವನ ಮ್ಯಾಲ ಕೈ ಬ್ಯಾಡ, ದನಿ ಸುದ್ದಾ ಎತ್ತಿಲ್ಲ. ಅಕಿ ಹೋಗಿ ಎರಡು ವರ್ಷ ಆತು. ಸತ್ತಾಕಿಗಿ ಈಗ ಬೆಲ್ಟಿನ ಏಟು ಕೊಡಸೀರಲ್ರಿ… ಯಾರು ಬರದಿದ್ದು ಇದು?"

ದೇವಾನಂದ ಬಾಯಿ ತೆರೆದ. ಅವನ ನೋಟ ಅವಳ ಹೆಗಲು ದಾಟಿ ಬಾಗಿಲಿನತ್ತ ಹೋಯಿತು, ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ಅವನು ತಲೆ ತಗ್ಗಿಸಿದ. ಎಡಗೈ ಮೇಜಿನ ಡ್ರಾವರನ್ನು ಮೆಲ್ಲಗೆ ಒಳಕ್ಕೆ ತಳ್ಳಿತು.

"ನಾನೇ ಬರದೆ."

"ಅಪ್ಪ ಬರದು ಕೊಟ್ಟ ಕಾಗದ ಎಲ್ಲಿ?"

"ಹರದು ಹಾಕೀನ್ರಿ. ಅದರಾಗ ಈ ಮಾತು ಇರಲಿಲ್ಲ. ನಾನೇ ಸೇರಿಸ್ದೆ."

ಅವನು ಜಗಳಕ್ಕೆ ಬರುತ್ತಾನೆ, ಸುಳ್ಳು ಹೇಳುತ್ತಾನೆ ಎಂದುಕೊಂಡು ಬಂದಿದ್ದಳು ಆರತಿ. ಇಷ್ಟು ಸುಲಭವಾಗಿ ಒಪ್ಪಿಕೊಂಡರೆ ಮುಂದೇನು ಬೈಯಬೇಕೆಂದೇ ಅವಳಿಗೆ ತೋಚಲಿಲ್ಲ. ಹಿಂದೆ ಯಾರೋ ಏದುಸಿರು ಬಿಟ್ಟಂತಾಗಿ ತಿರುಗಿದಳು. ಅಪ್ಪ! ಅವಳ ಬೆನ್ನಿಗೇ ಓಡಿಬಂದಿದ್ದ ಶಿವಪ್ಪ ಹೊಸ್ತಿಲಲ್ಲಿ ನಿಂತು ಕೈಗಳನ್ನು ಕೆಳಗಿಳಿಸುತ್ತಿದ್ದ.

"ನೋಡಪ್ಪಾ, ತಾನೇ ಬಾಯಿಬಿಟ್ಟ!"

"ಮನೀಗಿ ನಡಿ ಬೇಟಾ…" ಎಂದಷ್ಟೇ ಅಂದ ಶಿವಪ್ಪ. ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಇದು ಸುಳ್ಳು ಅಂತ ನಿಮ್ಮ ಹೆಸರಿನಾಗೇ ಬರೀಬೇಕು," ಆರತಿ ದೇವಾನಂದನತ್ತ ಬೆರಳು ಚಾಚಿದಳು. "ಬ್ಲಾಗಿಗಿ ಹಾಕೋ ಮೊದಲ ನಾ ಓದಬೇಕು. ಶನಿವಾರ ಬರ್ತೀನಿ."

ಅದು ಎರಡು ಸಾವಿರದ ಏಳನೇ ಇಸವಿ. ಪುಣೆಯ ಕನ್ನಡ ಕ್ರೈಸ್ತರಲ್ಲಿ ಕೆಲವರಿಗೆ ಬ್ಲಾಗಿನ ಹುಚ್ಚು ಹಿಡಿದಿತ್ತು. ಹದಿನಾರು ಬ್ಲಾಗುಗಳ ಒಂದು ಬಳಗ. ಅದಕ್ಕೆಲ್ಲ ಹಿರಿಯಣ್ಣ, ಬ್ರದರ್ ಬಸವಪ್ರಭುವಿನ 'ಜೀವದ ಒರತೆ'. ಪುಟ ತೆರೆದರೆ ಸಾಕು, ಮಿಣುಕುವ ಶಿಲುಬೆ, ಓಡುವ ಅಕ್ಷರ, ಕೇಳದೆಯೇ ಶುರುವಾಗುವ ಕೀರ್ತನೆ! ಅಡಿಯಲ್ಲಿ, ಎಷ್ಟು ಜನ ನೋಡಿದರೆಂದು ತೋರಿಸುವ ಅಂಕಿ. ಆ ಅಂಕಿ ಏರಲೆಂದು ಬ್ರದರ್ ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಮೂವತ್ತು ಸಲ ತನ್ನ ಪುಟವನ್ನು ತಾನೇ ತೆರೆದು ಮುಚ್ಚುತ್ತಿದ್ದ. ಪ್ರಾರ್ಥನೆ ಅದಾದ ಮೇಲೆ.

ಇನ್ನು ಕಾಮೆಂಟುಗಳೋ! ಹೆಂಗಸರು ಕಿವಿಗೆ ಓಲೆ ಹಾಕುವುದು ಪಾಪವೋ ಅಲ್ಲವೋ ಎಂದು ಎಂಬತ್ತು ಕಾಮೆಂಟಿನಷ್ಟು ಕಚ್ಚಾಡಿದ್ದರು. 'ಪ್ರಾರ್ಥನೆಗಾಗಿ ವಿನಂತಿ' ಎಂಬ ತಲೆಬರಹ ಕೊಟ್ಟು ಪಕ್ಕದ ಮನೆಯ ಸೊಸೆಯ ಗುಟ್ಟನ್ನು ಊರಿಗೆಲ್ಲ ಹಂಚುತ್ತಿದ್ದರು. ಚಾಡಿ ಹೇಳುವುದು ಪಾಪವಂತೆ. ಕೊನೆಗೊಂದು ಆಮೆನ್ ಸೇರಿಸಿದರೆ ಅಲ್ಲವಂತೆ!

ಎಲ್ಲಕ್ಕಿಂತ ಹೆಚ್ಚು ಗಿರಾಕಿ ಸಾಕ್ಷಿಗಳಿಗೆ. ದೇವರು ತನ್ನನ್ನು ಹೇಗೆ ಬದಲಿಸಿದನೆಂದು ವಿಶ್ವಾಸಿ ತಾನೇ ಹೇಳಿಕೊಳ್ಳುವ ಕಥೆಗೆ ಸಾಕ್ಷಿ ಎನ್ನುತ್ತಾರೆ. ಅದರಲ್ಲೊಂದು 'ಮೊದಲು' ಇರಬೇಕು, ಒಂದು 'ಆಮೇಲೆ' ಇರಬೇಕು. ಮೊದಲು ಎಷ್ಟು ಕಪ್ಪಗಿದ್ದರೆ ಆಮೇಲೆ ಅಷ್ಟು ಬೆಳ್ಳಗೆ ಕಾಣುತ್ತದೆ. ಬಸವಪ್ರಭುವಿನ ಸ್ವಂತ ಸಾಕ್ಷಿಯಲ್ಲಿ ಮೊದಲ ವರ್ಷ ಬರೀ ಸಿಗರೇಟಿತ್ತು. ಮರುವರ್ಷ ಇಸ್ಪೀಟು ಬಂತು. ಮೂರನೆಯ ವರ್ಷದ ಹೊತ್ತಿಗೆ ಆತ ಸಾಯಲೆಂದು ರೈಲು ಹಳಿಯ ಮೇಲೆ ಮಲಗಿದ್ದ!

ದೌಂಡದ ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸ ಮಾಡಿ ನಿವೃತ್ತನಾದ ಶಿವಪ್ಪ, ಹೆಂಡತಿ ತೀರಿಕೊಂಡ ಮೇಲೆ ಮಗಳ ಜೊತೆ ಖರಾಡಿಗೆ ಬಂದಿದ್ದ. ಮಗಳು ಐಟಿ ಪಾರ್ಕಿನ ಕ್ಯಾಂಟೀನಿನಲ್ಲಿ ಸೂಪರ್‌ವೈಸರ್. ಅವಳು ಕೆಲಸಕ್ಕೆ ಹೋದರೆ ಅಪ್ಪ ಒಬ್ಬನೇ. ಹಾಗಾಗಿ ಶನಿವಾರ ಬಸವಪ್ರಭುವಿನ ಫ್ಲ್ಯಾಟಿನಲ್ಲಿ ಬಳಗ ಸೇರಿದಾಗ ಆತನೂ ಹೋಗಿ ಒಂದು ಮೂಲೆಯಲ್ಲಿ ಕೂರುತ್ತಿದ್ದ. ಎಲ್ಲರೂ ಕೈಯಲ್ಲಿ ಬರೆದು ಕೊಟ್ಟದ್ದನ್ನು ಕನ್ನಡದಲ್ಲಿ ಟೈಪ್ ಮಾಡಿ ಬ್ಲಾಗಿಗೆ ಏರಿಸುವವನು ಬೀದರ ಕಡೆಯ ಈ ದೇವಾನಂದ. 'ಜೀವದ ಒರತೆ'ಯಲ್ಲಿ ಬಂದ ಶಿವಪ್ಪನ ಸಾಕ್ಷಿಗೆ ನೂರಾ ಹದಿನಾಲ್ಕು ಕಾಮೆಂಟು ಬಂದವು. ಬಳಗದ ಇತಿಹಾಸದಲ್ಲೇ ಹೆಚ್ಚು!

ಆರತಿಗೆ ವಿಷಯ ಗೊತ್ತಾಗಿದ್ದು ದೌಂಡದಿಂದ ಸೋದರತ್ತೆ ರಂಗೂಬಾಯಿ ಫೋನ್ ಮಾಡಿದಾಗ.

"ಚಂದಮ್ಮಗ ಒಂದು ಕಿವಿ ಕೇಳಿಸ್ತಿರಲಿಲ್ಲಲ್ಲ… ಅದು ಹೊಡತಕ್ಕೇ ಹೋಗಿತ್ತೇನ ಬೇಟಾ? ಪಾಪ, ಒಂದು ಮಾತು ಬಾಯಿ ಬಿಡಲಿಲ್ಲಲ್ಲ…"

ಆ ಮಾತು ಆರತಿಯ ಎದೆಯನ್ನು ಸೀಳಿತ್ತು. ಅವ್ವ ಬದುಕಿದ್ದ ಬದುಕೇ ಹೀಗೆ ಅಳಿಸಿಹೋಗುತ್ತದಾ? ತಿದ್ದಲೇಬೇಕು, ತಿದ್ದಿಸಿಯೇ ಬಿಡಬೇಕು ಎಂದು ಅವಳು ಹಟ ತೊಟ್ಟಳು.

ಶನಿವಾರ ಮಧ್ಯಾಹ್ನ ಅವಳು ಬರುವಷ್ಟರಲ್ಲಿ ದೇವಾನಂದ ಎರಡು ಚಹಾ ತರಿಸಿಟ್ಟಿದ್ದ.

"ಚಹಾ ಬ್ಯಾಡ. ಬರದೀರೇನು?"

"ಇನ್ನಾ ಇಲ್ರಿ. ಸುಳ್ಳು ತೆಗದ ಜಾಗಾದಾಗ ಖರೇದು ಇಡಬೇಕಲ್ಲ… ನಿಮ್ಮ ಅವ್ವ ಹೆಂಗಿದ್ರು, ಹೇಳ್ರಿ."

ಎಂಥ ನಾಚಿಕೆಗೆಟ್ಟ ಮನುಷ್ಯ! ಬೈಯಬೇಕೆಂದೇ ಬಾಯಿ ತೆರೆದಳು. ಬೇರೆಯೇ ಮಾತು ಹೊರಬಂತು.

"ಅಕಿಗಿ ಎಡಗಿವಿ ಹುಟ್ಟಾ ಕೇಳಿಸ್ತಿರಲಿಲ್ಲ. ಅದಕ್ಕ ಅಪ್ಪ ಯಾವಾಗ್ಲೂ ಅಕಿ ಬಲಗಡಿಗೇ ನಡೀತಿದ್ದ. ಈಗೂ ಹಂಗೇ ನಡೀತಾನ್ರಿ… ತನ್ನ ಎಡಗಡಿ ಒಬ್ಬರ ಜಾಗಾ ಬಿಟ್ಟು."

ಕೀಬೋರ್ಡಿನ ಮೇಲೆ ಅವನ ಬೆರಳು ನಿಂತುಹೋಯಿತು. ಆಮೇಲೆ ಅವನು ಬರೆದ. ಬರೆದದ್ದನ್ನು ಓದಿ ಆರತಿ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. ಅವ್ವ ಅಲ್ಲಿ ಇದ್ದಳು, ಇದ್ದ ಹಾಗೆಯೇ ಇದ್ದಳು!

'ಇಷ್ಟು ಚೆಂದ ಬರೆಯುವವನು ಅಷ್ಟು ಹೊಲಸು ಸುಳ್ಳು ಯಾಕೆ ಬರೆದ?' ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ ಎಂದು ಗೊತ್ತಾಗಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಹಾಕೋ ಮೊದಲ ಒಂದು ತೋರಸ್ತೀನ್ರಿ," ಎಂದು ಅವನು ಪರದೆಯನ್ನು ಅವಳತ್ತ ತಿರುಗಿಸಿದ. ಶಿವಪ್ಪನ ಸಾಕ್ಷಿಯ ಕೆಳಗೆ ಕಾತ್ರಜದ ಭುವನೇಶ್ವರಿ ಎಂಬ ಹೆಂಗಸು ಬರೆದಿದ್ದಳು. 'ಈ ಅಂಕಲ್ ಬದಲಾದರಂದರೆ ನಮ್ಮ ಮನೆಯವರೂ ಬದಲಾಗಬಹುದು ಅಲ್ಲವೇ?'

"ಟೇಲರಿಂಗ್ ಮಾಡ್ತಾರ. ಗಂಡ ಕುಡದು ಇವರ ಕೈ ಮುರದಿದ್ದ. ಬಳಗದ ಇಬ್ಬರು ಅಕ್ಕಂದಿರು, ಇವರ ಮುಖ ಸುದ್ದಾ ನೋಡದವರು, ದವಾಖಾನಿಗಿ ಕರಕೊಂಡು ಹೋಗಿ ಎಂಟು ದಿನ ಪಾಳಿ ಮ್ಯಾಲ ಕುಂತ್ರು. ಇವರಿಗಿ ಏನು ಹೇಳೋಣ್ರಿ?"

ಆ ಎಂಟು ದಿನದ ಬಗ್ಗೆ ಆ ಅಕ್ಕಂದಿರು ಎಲ್ಲೂ ಒಂದಕ್ಷರ ಬರೆದಿರಲಿಲ್ಲ. ಹದಿನಾರು ಬ್ಲಾಗುಗಳಲ್ಲಿ ಹುಡುಕಿದರೂ ಅದು ಸಿಗುವುದಿಲ್ಲ. ದೇವರ ಲೆಕ್ಕಕ್ಕೆ ಸಿಗುವಂಥದ್ದು ಆ ಬಳಗದಲ್ಲಿ ಇದ್ದದ್ದು ಅದೊಂದೇ ಇರಬೇಕು.

ಆರತಿ ಆ ಸಾಲನ್ನು ಇನ್ನೊಮ್ಮೆ ಓದಿದಳು. "ಖರೇದೇ ಹೇಳ್ರಿ," ಎಂದಳು ಕೊನೆಗೆ. "ಅಕಿಗಿ ಮನ್ಯಾಗ ಸುಳ್ಳು ಸಾಕಾಗಿರ್ತದ."

'ಈ ಸುಳ್ಳು ನನ್ನದು. ಶಿವಪ್ಪನವರದಲ್ಲ' ಎಂದು ಅವನು 'ಜೀವದ ಒರತೆ'ಯಲ್ಲೇ ತನ್ನ ಹೆಸರು ಹಾಕಿ ಪ್ರಕಟಿಸಿದ.

ಆಮೇಲೆ ನೋಡಬೇಕಿತ್ತು, ವಿಶ್ವಾಸಿಗಳ ಪ್ರೀತಿ ಉಕ್ಕಿದ ಪರಿಯನ್ನು! 'ಸೈತಾನನ ಕೈಗೊಂಬೆ.' 'ಬಳಗದಿಂದ ಒದ್ದು ಹೊರಹಾಕಿ. ಪ್ರೀತಿಯಿಂದಲೇ ಹೇಳುತ್ತಿದ್ದೇನೆ.' 'ಇವನಿಗೆ ಯಾರೂ ಹೆಣ್ಣು ಕೊಡದಂತೆ ಪ್ರಾರ್ಥಿಸೋಣ.' ಬಸವಪ್ರಭು ತಾನೇ ಮುಂದೆ ನಿಂತು ಬ್ಲಾಗಿನ ಕೆಲಸವನ್ನೂ ಕೀರ್ತನೆ ಪುಸ್ತಕದ ಟೈಪಿಂಗ್ ಕೆಲಸವನ್ನೂ ಅವನಿಂದ ಕಿತ್ತುಕೊಂಡ. 'ಖರೇ ಹೇಳಿ ಬಲಹೀನರ ನಂಬಿಕೆ ಅಲುಗಾಡಿಸಿದ' ಎಂಬುದು ಅವನ ದೂರು! ಇನ್ನೊಬ್ಬ ಮಹಾಶಯ ಆರತಿಗೂ ಒಂದು ಬುದ್ಧಿವಾದ ಬರೆದಿದ್ದ. ಅವಳ ಹೆಸರು ವಿಗ್ರಹಾರಾಧನೆಯದಂತೆ, ಬದಲಿಸಬೇಕಂತೆ.

ಆರತಿ ಅದನ್ನೆಲ್ಲ ಆಫೀಸಿನಲ್ಲಿ ಪ್ರಿಂಟ್ ತೆಗೆದು ಸಂಜೆ ಅಪ್ಪನ ಮುಂದೆ ಕೂತು ಓದಿದಳು. ಖುಷಿಪಡಬೇಕೆಂದೇ ಓದತೊಡಗಿದ್ದಳು. ಯಾಕೋ ಐದನೆಯ ಕಾಮೆಂಟನ್ನು ಅರ್ಧಕ್ಕೇ ಬಿಟ್ಟು ಆರನೆಯದಕ್ಕೆ ಹೋದಳು.

"ಸಾಕು, ನಿಲ್ಸು ಬೇಟಾ…" ಶಿವಪ್ಪ ಮುಖ ಮುಚ್ಚಿಕೊಂಡ. "ಆ ಹುಡುಗ ಏನೂ ಬರದಿಲ್ಲ. ನಾನೇ ಬರದು ಕೊಟ್ಟಿದ್ದು."

"ಏನಂದಿ?"

"ಅವತ್ತ ಅಂಗಡ್ಯಾಗ ನಿನ್ನ ಹಿಂದ ನಿಂತು ಅವನಿಗಿ ಕೈ ಮುಗದೆ… ಹೇಳಬ್ಯಾಡಪ್ಪಾ ಅಂತ."

ಹೊಸ್ತಿಲಲ್ಲಿ ಕೆಳಗಿಳಿಯುತ್ತಿದ್ದ ಆ ಕೈಗಳು ಈಗ ಅವಳ ಕಣ್ಣಿಗೆ ಕಟ್ಟಿದವು.

"ಎಲ್ಲರಿಗಿ ಒಂದೊಂದು 'ಮೊದಲು' ಇತ್ತು ಬೇಟಾ. ಒಬ್ಬ ಕಳ್ಳ, ಒಬ್ಬ ಜೂಜುಗಾರ. ನನಗ ಏನೂ ಇರಲಿಲ್ಲ. ನಿಮ್ಮ ಸಾಕ್ಷ್ಯಾಗ ಶಕ್ತಿ ಇಲ್ಲ ಅಂಕಲ್ ಅಂದ ಆ ಬಸವಪ್ರಭು, ಎಲ್ಲರೂ ನಕ್ರು. ನಿಮ್ಮವ್ವ ಹೋದ ಮ್ಯಾಲ ನನ್ನ ಮಾತು ಕೇಳೋರು ಯಾರದಾರ? ಅಲ್ಲಿ ನೂರಾ ಹದಿನಾಲ್ಕು ಮಂದಿ ಶಿವಪ್ಪ ಅಂಕಲ್, ಶಿವಪ್ಪ ಅಂಕಲ್ ಅಂದ್ರು…"

ಆರತಿ ಅಪ್ಪನನ್ನೇ ನೋಡಿದಳು.

"ಮನ್ಯಾಗ ಒಂದು ದಿನಾ ಹೊಡೀಲಿಲ್ಲ. ಕಾಗದದ ಮ್ಯಾಲ ಯಾಕ ಹೊಡದಿ ಅಪ್ಪಾ ಅವ್ವಗ?"

ಶಿವಪ್ಪ ಮಗುವಿನಂತೆ ಅತ್ತ. ಬಹಳ ಹೊತ್ತಾದ ಮೇಲೆ ಆರತಿ ಎದ್ದು ಬಂದು ಅಪ್ಪನ ಎಡಗಡೆ ಕೂತಳು.

ಮರುದಿನ ಇಬ್ಬರೂ ಅಂಗಡಿಗೆ ಬಂದರು. ಶಿವಪ್ಪ ಕೈಮುಗಿಯಲು ಹೋದರೆ ದೇವಾನಂದ ಆ ಕೈಗಳನ್ನು ಹಿಡಿದುಬಿಟ್ಟ. ಡ್ರಾವರಿನಿಂದ, ಶಿವಪ್ಪ ತನ್ನ ಸಾಕ್ಷಿಯನ್ನು ಹಿಂಬದಿಗೆ ಬರೆದುಕೊಟ್ಟಿದ್ದ ಕ್ಯಾಲೆಂಡರಿನ ಹಾಳೆಯನ್ನು ತೆಗೆದು ಅವನಿಗೇ ಕೊಟ್ಟ. ಶಿವಪ್ಪ ಅದನ್ನು ತನ್ನ ಕೈಯಾರೆ ಹರಿದುಹಾಕಿದ.

"ಯಾಕ್ರಿ ನೀವು ಇಷ್ಟೆಲ್ಲ ಮೈಮ್ಯಾಲ ಹಾಕೊಂಡ್ರಿ?" ಆರತಿಯ ದನಿ ಪಿಸುಮಾತಾಗಿತ್ತು.

"ನಮ್ಮಪ್ಪ ಖರೇನೇ ಕುಡೀತಿದ್ದ. ಬೆಲ್ಟೂ ಖರೇ. ಬರೆ ಇನ್ನಾ ಬೆನ್ನ ಮ್ಯಾಲ ಅದಾವ." ಅವನು ನಗಲು ನೋಡಿದ. "ನಾ ಎಂದೂ ಸಾಕ್ಷಿ ಹೇಳಿಲ್ರಿ. ಅವತ್ತ ನೀವು ಅಪ್ಪನ ಬಗ್ಗಿ ಮಾತಾಡಿದ್ದು ಕೇಳಿ… ಇಂಥ ಅಪ್ಪನ್ನ ಇವರಿಂದ ಕಸಗೋಬಾರದು ಅನಸ್ತು."

ಆ ಕ್ಷಣಕ್ಕೆ ಆರತಿ ಅವನವಳಾಗಿಬಿಟ್ಟಿದ್ದಳು. ಅವನಿಗೆ ಮಾತ್ರ ಗೊತ್ತಿರಲಿಲ್ಲ!

ಶಿವಪ್ಪ ಹೇಳುತ್ತ ಹೋದ, ದೇವಾನಂದ ಟೈಪ್ ಮಾಡಿದ. 'ಹಿಂದೆ ಬಂದ ಸುಳ್ಳು ನನ್ನದೇ, ದೇವಾನಂದನದಲ್ಲ. ನಾನು ಎಂದೂ ಕುಡಿದಿಲ್ಲ. ಹೆಂಡತಿಗೆ ಹೊಡೆದಿಲ್ಲ. ಅವಳ ಬಲಗಡೆ ನಡೆದೆ. ಇಷ್ಟೇ ನನ್ನ ಸಾಕ್ಷಿ.' ಬಸವಪ್ರಭು ಅದನ್ನು ಹಾಕಲು ಒಪ್ಪಲಿಲ್ಲ. ಇದರಲ್ಲಿ 'ಮೊದಲು' ಇಲ್ಲವಂತೆ! ದೇವಾನಂದ ತಾನೇ ಹದಿನೇಳನೆಯ ಬ್ಲಾಗು ತೆರೆದ. ಮಿಣುಕುವ ಶಿಲುಬೆಯಿಲ್ಲ, ಅಂಕಿಯಿಲ್ಲ.

ಮುಂದಿನ ಶನಿವಾರದ ಹೊತ್ತಿಗೆ ಬಂದದ್ದು ಒಂದೇ ಕಾಮೆಂಟು. ದೇವಾನಂದ ಅದನ್ನು ಅಪ್ಪ ಮಗಳಿಗೆ ಓದಿ ಹೇಳಿದ. ಕಾತ್ರಜದ ಭುವನೇಶ್ವರಿ ಬರೆದಿದ್ದಳು: 'ಅಂಕಲ್, ಸಿಟ್ಟು ಬಂತು. ಆಮೇಲೆ ಹೋಯಿತು. ಕುಡಿಯದ, ಹೊಡೆಯದ ಗಂಡಸೂ ಇರುತ್ತಾನೆ ಎಂಬುದೇ ನನಗೆ ದೊಡ್ಡ ಸಾಕ್ಷಿ. ನಾನು ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದೇನೆ. ಏಟು ತಿನ್ನುತ್ತ ಕಾಯುವುದಿಲ್ಲ.'

ಶಿವಪ್ಪ ಕಣ್ಣೊರೆಸಿಕೊಂಡು, ಗಾಳಿಗೆ ನಿಲ್ಲುತ್ತೇನೆಂದು ಹೊರಗೆ ಹೋದ.

ಅಂಗಡಿಯಲ್ಲಿ ಇಬ್ಬರೇ ಉಳಿದರು.

"ನಂದೂ ಒಂದು ಸಾಕ್ಷಿ ಅದ ಆರತಿ," ದೇವಾನಂದ ಕೀಬೋರ್ಡು ನೋಡುತ್ತಲೇ ಹೇಳಿದ. "ಕೇಳ್ತೀರಿ?"

"ಮೊದಲು ಏನಿತ್ರಿ?"

"ಮೊದಲು… ಇಡೀ ಪುಟ ಟೈಪ್ ಹೊಡದ್ರೂ ಒಂದು ತಪ್ಪು ಬರ್ತಿರಲಿಲ್ಲ. ಒಂದಿನ ಒಬ್ಬಾಕಿ ಬಂದು ಬೈದಳು."

"ಆಮೇಲೆ?"

"ಆಮೇಲೆ ಸಾಲಿಗೊಂದು ತಪ್ಪು ಬರಲಕತ್ತಾವ. ಪರರ ಲಗ್ನಪತ್ರಿಕ್ಯಾಗ ನಿಮ್ಮ ಹೆಸರು ಹೊಡದೀನಿ, ಎರಡು ಸಲ!"

ಆರತಿಯ ಕೆನ್ನೆ ಕೆಂಪೇರಿತು. ಅವಳು ಸುತ್ತಿ ಬಂದು ಅವನ ಎಡಗಡೆಯ ಸ್ಟೂಲಿನ ಮೇಲೆ ಕೂತಳು.

"ಜಾಸ್ತಿ ಮಾಡಿ ಹೇಳಲಕತ್ತಿಲ್ಲ ಹೌದಲ್ಲ?"

"ಇಲ್ರಿ," ಅವನು ಅವಳ ಕೈ ಮೇಲೆ ಕೈಯಿಟ್ಟ. "ಭಾಳ ಕಡಿಮಿ ಮಾಡಿ ಹೇಳೀನಿ."