ಕಡ ತಂದ ಹೆಜ್ಜೆ

ಕಾಲುಗಳಿಗೆ ತೊಡಿಸಿದ್ದ ಕವಚದ ಹಸಿರು ದೀಪ ಹೊತ್ತಿತು. ಲಕ್ವ ಹೊಡೆದಾಗಿನಿಂದ ಒದ್ದೆ ಮೂಟೆಯ ಹಾಗೆ ಮಂಚದ ಮೇಲೆ ಬಿದ್ದಿದ್ದ ಗುರುಸಿದ್ಧಪ್ಪ ಮಾಸ್ತರರ ಎಡಗಾಲು ಮೊಣಕಾಲಲ್ಲಿ ಮಡಿಚಿಕೊಂಡು, ಮೇಲೆದ್ದು, ಮುಂದೆ ಹೋಗಿ, ಮೊದಲು ಹಿಮ್ಮಡಿಯನ್ನು ಊರಿ ನೆಲಕ್ಕಿಳಿಯಿತು. ಅದರ ಬೆನ್ನಿಗೆ ಬಲಗಾಲು. ಮತ್ತೆ ಎಡಗಾಲು. ಜೋಡಿ ಸರಳುಗಳ ನಡುವೆ ಮಾಸ್ತರರು ಕೈ ಬಿಟ್ಟು ನಡೆದರು.

ಪುನಶ್ಚೇತನ ಕೇಂದ್ರದ ಸಹಾಯಕ ಯಮನೂರಪ್ಪ ಚಪ್ಪಾಳೆ ತಟ್ಟಿದ. "ಮಾಸ್ತರ್ರ, ಹೊಸಾ ಬೀಗತಿ ನೆಂಟರ ಮನೀಗೆ ಹೊಂಟಂಗ ಕಾಣ್ತೀರಿ ನೋಡ್ರಿ" ಎಂದು ನಕ್ಕ. ಮಾಸ್ತರರು ಅವನತ್ತ ಕಣ್ಣು ಕೆಂಪಗೆ ಮಾಡಿದರೂ ತುಟಿಯಂಚಿನಲ್ಲಿ ನಗು ತಡೆಯಲಾಗಲಿಲ್ಲ. ಡಾಕ್ಟರ್ ಶಮೀಮ್ ಬಾನು ಪರದೆಯ ಮೇಲಿನ ಗೆರೆಗಳನ್ನು ನೋಡಿ ತಲೆದೂಗಿದರು.

ಗೋಡೆಯ ಪಕ್ಕ ನಿಂತಿದ್ದ ಮಗಳು ನೀಲಾಂಬಿಕೆಗೆ ಮಾತ್ರ ಮೈ ಜುಮ್ಮೆಂದಿತು. ಎದೆ ಸೆಟೆಸಿ, ನೆಲಕ್ಕೆ ಒದೆ ಕೊಟ್ಟಂತೆ ನಡೆಯುತ್ತಿದ್ದ ಅಪ್ಪ ಈಗ ಬೆರಳುಗಳನ್ನು ತುಸು ಒಳಕ್ಕೆ ತಿರುಗಿಸಿ, ಮುಂದಿನ ಪಾದ ನೆಲೆಯಾಗುವವರೆಗೆ ಹಿಂದಿನ ಪಾದದ ಭಾರ ಬಿಡದೆ ನಡೆಯುತ್ತಿದ್ದರು. ಅದು ಅವಳ ನಡಿಗೆ. ಅಷ್ಟು ಜನರೆದುರು ತನ್ನನ್ನು ಯಾರೋ ಬಿಚ್ಚಿ ಹರವಿದಂತೆ ಅವಳಿಗೆ ಅನ್ನಿಸಿತು.

ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡು ಲಕ್ವ ಹೊಡೆದಾಗ ಕಾಲಿನ ಸ್ನಾಯು ಸಾಯುವುದಿಲ್ಲ. ಅದಕ್ಕೆ ಅಪ್ಪಣೆ ಕೊಡುತ್ತಿದ್ದ ಜಾಗ ಸಾಯುತ್ತದೆ. ಆ ಕೆಲಸವನ್ನು ಮೆದುಳಿನ ಇನ್ನೊಂದು ಭಾಗ ಕಲಿಯಬಲ್ಲದು, ಆದರೆ ಯಾರಾದರೂ ಕಲಿಸಬೇಕು. ಹಿಂದೆಲ್ಲ ಚಿಕಿತ್ಸಕರು ರೋಗಿಯ ಕಾಲನ್ನು ಕೈಯಲ್ಲಿ ಹಿಡಿದು ಮಗುವಿಗೆ ಅಕ್ಷರ ತಿದ್ದಿಸಿದಂತೆ ತಿದ್ದಿಸುತ್ತಿದ್ದರು. ಡಾಕ್ಟರ್ ಶಮೀಮ್ ಬಾನು ಕಂಡುಹಿಡಿದ 'ನಡೆಯಚ್ಚು' ಆ ಕೆಲಸವನ್ನು ಹಗುರ ಮಾಡಿತ್ತು. ಕಾಲು ಗಟ್ಟಿಯಿರುವ ದಾನಿಯೊಬ್ಬರು ತೆಳುವಾದ ಸಂವೇದಿ ಕಾಲ್ಚೀಲ ತೊಟ್ಟು ಕೆಲವು ದಿನ ಮನೆಯಲ್ಲಿ ಎಂದಿನಂತೆ ಓಡಾಡಿದರೆ ಸಾಕು, ಅವರ ನಡಿಗೆ ಪೂರ್ತಿಯಾಗಿ ಅಚ್ಚಾಗುತ್ತಿತ್ತು. ರೋಗಿಯ ಸೊಂಟದಿಂದ ಪಾದದವರೆಗೆ ತೊಡಿಸುವ 'ಸಮತೋಲನ ಕವಚ' ಆ ಅಚ್ಚನ್ನು ವಿದ್ಯುತ್ ಮಿಡಿತಗಳಾಗಿಸಿ ಎರಡೂ ಕಾಲುಗಳಿಗೆ ದಾಟಿಸುತ್ತಿತ್ತು. ಕಾಲು ನಡೆಯುತ್ತಿತ್ತು, ಮೆದುಳು ಅದನ್ನು ಗಮನಿಸಿ ಕಲಿಯುತ್ತಿತ್ತು.

ಬರೀ ಹೆಜ್ಜೆಗಳನ್ನು ಅಚ್ಚು ಮಾಡಿದರೆ ಸಾಲದು ಎಂದು ಡಾಕ್ಟರ್ ಮೊದಲ ದಿನವೇ ವಿವರಿಸಿದ್ದರು. ಹಿಂದಿನಿಂದ ಲಾರಿಯ ಹಾರ್ನ್ ಕೇಳಿದರೆ ನಾವು ಯೋಚಿಸುವ ಮೊದಲೇ ಕಾಲು ಪಕ್ಕಕ್ಕೆ ಸರಿದಿರುತ್ತದೆ. ಸಮತೋಲನ ಅಂದರೆ ಆ ಮುಂದಾಲೋಚನೆಯೇ. ಹಾಗಾಗಿ ಕಾಲ್ಚೀಲಕ್ಕೂ ಕವಚಕ್ಕೂ ಕಿವಿಯಿತ್ತು. ಯಾವ ಸದ್ದಿಗೆ ದಾನಿಯ ಕಾಲು ಏನು ಮಾಡಿತೋ ಅದೇ ಸದ್ದಿಗೆ ರೋಗಿಯ ಕಾಲೂ ಅದನ್ನೇ ಮಾಡುತ್ತಿತ್ತು.

ಮಾಸ್ತರರು ಬಯಸಿದ್ದು ಮಗ ಬಸವಪ್ರಭುವಿನ ನಡಿಗೆಯನ್ನು. ಅವನು ಕಬಡ್ಡಿ ಆಡಿದ ಹುಡುಗ. ಹುಬ್ಬಳ್ಳಿಯಲ್ಲಿ ಗ್ಯಾರೇಜು ಇಟ್ಟಿದ್ದ. ಅಲ್ಲಿಂದ ಬಂದು ಒಂದು ವಾರ ಕಾಲ್ಚೀಲ ತೊಟ್ಟು ಹೋದ. ನೀಲಾಂಬಿಕೆಯೂ ತೊಟ್ಟಳು. ಆದರೆ ಗಣಕಯಂತ್ರ ಅವನನ್ನು ಬದಿಗಿಟ್ಟು ನೀಲಾಂಬಿಕೆಯನ್ನು ಆರಿಸಿತು. ಪದವಿ ಮುಗಿಸಿ, ತಾಯಿ ಹೋದಮೇಲೆ ಮನೆ ನೋಡಿಕೊಂಡಿದ್ದ, ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿಯ ಕಾಲಿಗೆ ಇಷ್ಟೊಂದು ಅಂಕ ಹೇಗೆ ಬಂತೆಂದು ಡಾಕ್ಟರರಿಗೂ ಸೋಜಿಗವಾಗಿತ್ತು. ಇಂಥ ಸಮತೋಲನ ತಾವು ಕಂಡೇ ಇಲ್ಲ, ಯಾವ ಗಳಿಗೆಯಲ್ಲಿ ಯಾವ ದಿಕ್ಕಿಗೆ ಬೇಕಾದರೂ ಹೊರಳಲು ಸಿದ್ಧಳಾಗಿ ನಿಲ್ಲುತ್ತಾಳೆ ಎಂದು ಹೊಗಳಿ, ಭರತನಾಟ್ಯ ಕಲಿತಿದ್ದೀಯೇನು ಎಂದು ಕೇಳಿದ್ದರು. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದ್ದಳು.

ಕೈ ಬಿಟ್ಟು ನಡೆದ ಮಾರನೆಯ ದಿನವೇ ಮಾಸ್ತರರು ಬಿದ್ದರು.

ರೋಗಿ ತನ್ನ ಹೆಜ್ಜೆಯನ್ನು ತಾನೇ ಬಾಯಿಬಿಟ್ಟು ಹೇಳಿಕೊಂಡರೆ ಮೆದುಳು ಬೇಗ ಕಲಿಯುತ್ತದೆ ಎಂಬುದು ಚಿಕಿತ್ಸೆಯ ಹಳೆಯ ಪಾಠ. ಉಳಿದ ರೋಗಿಗಳು ಜಪ ಮಾಡುವಂತೆ 'ಎಡ, ಬಲ' ಎಂದು ಗುನುಗುತ್ತ ನಡೆಯುತ್ತಿದ್ದರು. ಗುರುಸಿದ್ಧಪ್ಪನವರು ಹೈಸ್ಕೂಲಿನ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು. ಸೀಟಿ ಇಲ್ಲದೆಯೇ ಇಡೀ ಬಯಲನ್ನು ಸಾಲಿಗೆ ನಿಲ್ಲಿಸಿದ ಗಂಟಲು ಅವರದು. ಲಕ್ವ ಎಡಮೈಯನ್ನು ಕಸಿದುಕೊಂಡಿತ್ತೇ ಹೊರತು ಆ ದನಿಯನ್ನು ಮುಟ್ಟಿರಲಿಲ್ಲ. ಅವರು ಸರಳುಗಳ ನಡುವೆ ನಿಂತು, ಎದೆ ತುಂಬ ಗಾಳಿ ತುಂಬಿಕೊಂಡು, ತಮ್ಮ ಕಾಲುಗಳಿಗೆ ಆಜ್ಞೆ ಕೊಟ್ಟರು:

"ಮುಂದೇ... ನಡೆ."

ಕಾಲುಗಳು ಹಿಂದಕ್ಕೆ ಹೋದವು. ಮೊದಲು ಬಲಗಾಲು ಅರ್ಧ ಹೆಜ್ಜೆ ಹಿಂದೆ ಸರಿದು, ಹಿಮ್ಮಡಿಯಿಂದ ಏನನ್ನೋ ತಡಕಾಡಿತು. ಎಡಗಾಲು ಅದರ ಮಗ್ಗುಲಿಗೆ ಬಂದು ಅಂಟಿಕೊಂಡಿತು. ಮೇಲ್ಮೈ ಮುಂದೆ ಹೊರಟಿತ್ತು, ಕೆಳಮೈ ಹಿಂದಕ್ಕೆ. ಯಮನೂರಪ್ಪ ಓಡಿ ಬಂದು ಕಂಕುಳಲ್ಲಿ ಕೈ ಹಾಕದಿದ್ದರೆ ಸರಳು ತಲೆಗೆ ಬಡಿಯುತ್ತಿತ್ತು.

ಎರಡನೆಯ ಆಘಾತವೇ ಆಗಿರಬೇಕೆಂದು ಎಲ್ಲರೂ ಗಾಬರಿಬಿದ್ದರು. ಮೆದುಳಿನ ಚಿತ್ರ ತೆಗೆದು ನೋಡಿದರೆ ಹೊಸ ಕಲೆಯೇನೂ ಇರಲಿಲ್ಲ. ಸುಮ್ಮನೆ ನಡೆದರೆ ಕಾಲು ಚೆನ್ನಾಗಿ ನಡೆಯುತ್ತಿತ್ತು. ಆಜ್ಞೆ ಕೊಟ್ಟ ಕೂಡಲೇ ಹಿಂಜರಿಯುತ್ತಿತ್ತು. ಹಾಗಾದರೆ ಆಜ್ಞೆ ಬಿಡಿ ಎಂದರೆ ಕೇಳುವ ಮನುಷ್ಯರಲ್ಲ ಅವರು. ಕಾಲು ಮಾತು ಕೇಳದಿದ್ದರೆ ಇನ್ನೂ ಜೋರಾಗಿ ಹೇಳಬೇಕು, ಹುಡುಗರಾದರೂ ಅಷ್ಟೇ, ಕಾಲಾದರೂ ಅಷ್ಟೇ ಎಂಬುದು ಅವರ ವಾದ. ಜೋರಾಗಿ ಹೇಳಿದರು, ಇನ್ನೂ ಜೋರಾಗಿ ಬಿದ್ದರು. ಸೊಂಟದ ಮೇಲೆ ನೀಲಿ ಬಾವು ಎದ್ದಿತು. ಮಿಡಿತಗಳ ಬಲವನ್ನು ಹೆಚ್ಚಿಸಿ ಕೊನೆಯ ಸಲ ನೋಡುತ್ತೇನೆ, ಆಗಲೂ ಬಿದ್ದರೆ ಕವಚ ಬಿಚ್ಚುತ್ತೇನೆ ಎಂದು ಡಾಕ್ಟರ್ ತೀರ್ಮಾನಿಸಿದರು. ಲಕ್ವದ ನಂತರ ಮೆದುಳು ಹೊಸ ಪಾಠ ಕಲಿಯುವ ಕಾಲ ಮುಗಿಯುತ್ತ ಬಂದಿತ್ತು. ಬಸವಪ್ರಭುವಿನದಾಗಲಿ ಇನ್ನಾರದಾಗಲಿ, ಬೇರೆ ಅಚ್ಚು ಹೊಂದಿಸುವಷ್ಟು ವ್ಯವಧಾನ ಇರಲಿಲ್ಲ. ಕವಚ ಬಿಚ್ಚಿದರೆ ಗಾಲಿ ಕುರ್ಚಿಯೇ ಗತಿ.

ಮೊದಲ ಸಲ ಬಿದ್ದಾಗಲೇ ನೀಲಾಂಬಿಕೆಗೆ ಎಲ್ಲ ಗೊತ್ತಾಗಿತ್ತು.

ಬಲಗಾಲು ಅರ್ಧ ಹೆಜ್ಜೆ ಹಿಂದೆ. ಹಿಮ್ಮಡಿ ಹುಡುಕಿದ್ದು ಬಾಗಿಲ ಚೌಕಟ್ಟನ್ನು. ಅವರ ಮನೆಯ ಅಡುಗೆಮನೆಯ ಚೌಕಟ್ಟಿನ ಬುಡದಲ್ಲಿ ಬಣ್ಣ ಸವೆದು ಕಟ್ಟಿಗೆ ಕಾಣುತ್ತಿತ್ತು. ಹಜಾರದಿಂದ ಅಪ್ಪನ ದನಿ ಏರಿದಾಗೆಲ್ಲ ಅವಳ ಹಿಮ್ಮಡಿ ಹೋಗಿ ತಾಗುತ್ತಿದ್ದ ಜಾಗ ಅದು. ಅವರು ಅವಳ ಮೇಲೆ ಕೈ ಎತ್ತಿದ್ದು ಕಡಿಮೆ. ಆ ದನಿಗೆ ಕೈಯ ನೆರವು ಬೇಕಿರಲಿಲ್ಲ. ಅವಳು ಕಾಲ್ಚೀಲ ತೊಟ್ಟಿದ್ದ ದಿನಗಳಲ್ಲಿ ಅಪ್ಪ ಮಂಚದಿಂದ ಏಳಲಾರದೆ ಮಲಗಿದ್ದರು. ಮಲಗಿದಲ್ಲಿಂದಲೇ ನೀರಿಗೆ, ಗಂಜಿಗೆ, ಕಿಟಕಿಗೆ ಕೂಗುತ್ತಿದ್ದರು. ಎದ್ದು ಬರಲಾರದ ಮನುಷ್ಯನ ಕೂಗಿಗೂ ಅವಳು ಮೊದಲು ಹಿಂದೆ ಸರಿಯುತ್ತಿದ್ದಳು, ಆಮೇಲೆ ಮುಂದೆ ಬರುತ್ತಿದ್ದಳು. ಪಾಪದ ಕಾಲ್ಚೀಲ, ಅದನ್ನೂ ನಡಿಗೆ ಎಂದೇ ತಿಳಿದು ಅಚ್ಚು ಮಾಡಿಕೊಂಡಿತ್ತು.

ಹೇಳಿದರೆ ಅಪ್ಪನಿಗೆ ಗೊತ್ತಾಗುತ್ತದೆ. ಹೇಳದಿದ್ದರೆ, ಮಿಡಿತ ಹೆಚ್ಚಾದಷ್ಟೂ ಹಿಂದಿನ ಹೆಜ್ಜೆಯೂ ಬಿರುಸಾಗಿ, ಅಪ್ಪನ ತೊಡೆಯ ಮೂಳೆ ಮುರಿಯುತ್ತದೆ. ಕಡೆಗೆ ಡಾಕ್ಟರರ ಕೋಣೆಗೆ ಹೋಗಿ ಬಾಗಿಲ ಪಕ್ಕ ನಿಂತಳು. ಕುಳಿತುಕೋ ಎಂದರೂ ಕೂರಲಿಲ್ಲ.

"ಅದು ಮಿಷನ್ ತಪ್ಪಲ್ರಿ" ಎಂದಳು. "ಅದು ನಾನ್ರಿ."

ಡಾಕ್ಟರ್ ಅಚ್ಚನ್ನು ಮೊದಲಿನಿಂದ ತೆರೆದರು. ಕಾಲ್ಚೀಲದ ಕಿವಿ ಹಿಡಿದಿಟ್ಟಿದ್ದ ಸದ್ದಿನ ಗೆರೆ ಮೇಲೆ, ಹೆಜ್ಜೆಯ ಗೆರೆ ಕೆಳಗೆ. ಮೇಲಿನ ಗೆರೆ ಬೆಟ್ಟದಂತೆ ಎದ್ದಲ್ಲೆಲ್ಲ ಕೆಳಗಿನ ಗೆರೆ ಹಿಂದಕ್ಕೆ ಬಾಗಿತ್ತು, ಒಂದು ಕಡೆಯೂ ತಪ್ಪದೆ. ಆಮೇಲೆ ಆ ಹಿಂಜರಿಕೆಯನ್ನಷ್ಟೇ ಅಚ್ಚಿನಿಂದ ಕತ್ತರಿಸಿ ತೆಗೆದು ನೋಡಿದರು. ಪರದೆಯ ಮೇಲಿನ ಮಾದರಿ ಮನುಷ್ಯ ಒಂದು ಹೆಜ್ಜೆ ಇಟ್ಟು ಹಸಿ ಗೋಡೆಯಂತೆ ಕುಸಿದ. ಇನ್ನೊಂದು ರೀತಿಯಲ್ಲಿ ಕತ್ತರಿಸಿದರು, ಮತ್ತೆ ಕುಸಿದ.

ತಾವು ಹೊಗಳಿದ್ದು ಏನನ್ನು ಎಂಬುದು ಡಾಕ್ಟರರಿಗೆ ಆಗ ಹೊಳೆಯಿತು. ಹಿಂದಿನ ಪಾದದ ಭಾರ ಬಿಡದಿರುವುದು, ಎಲ್ಲ ದಿಕ್ಕಿಗೂ ಸಿದ್ಧವಾಗಿರುವುದು, ನಿಂತಲ್ಲಿ ಎಂದೂ ಮೈಮರೆಯದಿರುವುದು, ಇವೆಲ್ಲ ಒಂದೇ ನೂಲಿನ ಎಳೆಗಳು.

"ಅಂಜಿಕಿ ತಗದ್ರ ನಡಿಗಿ ನಿಲ್ಲೂದಿಲ್ಲವ್ವಾ" ಎಂದರು ಮೆಲ್ಲಗೆ. "ಎಲ್ಲಾ ಅದರ ಮ್ಯಾಲೇ ನಿಂತೈತಿ. ನಿಮ್ಮಪ್ಪಗ ಹೇಳಾಕ ಬೇಕು."

"ಬ್ಯಾಡ್ರಿ. ನೀವು ಹೇಳಿ ಇಲ್ಲೇ ಉಳೀತೀರಿ. ಅವರ ಜೋಡಿ ಮನೀಗೆ ಹೋಗಾಕಿ ನಾನು."

ಹೇಳುವುದಿಲ್ಲ ಎಂದು ಡಾಕ್ಟರ್ ಮಾತು ಕೊಟ್ಟರು. ಕವಚದ ಕಿವಿ ಸೂಕ್ಷ್ಮ, ಆಜ್ಞೆಯನ್ನು ತುಸು ಮೆತ್ತಗೆ ಕೊಡಿ ಎಂದು ಮಾಸ್ತರರಿಗೆ ಸೂಚಿಸಿದರು. ಮಾಸ್ತರರು ನಕ್ಕುಬಿಟ್ಟರು. "ಮೆತ್ತಗ ಹೇಳಿದ್ರ ಅದು ಕಮಾಂಡ್ ಅಲ್ರಿ ಡಾಕ್ಟರ್, ಚಾಡಿ."

ಕೊನೆಯ ಪರೀಕ್ಷೆ ಕೇಂದ್ರದ ಉದ್ದನೆಯ ಪಡಸಾಲೆಯಲ್ಲಿ ನಡೆಯಿತು. ಅದುವರೆಗೆ ಅಪ್ಪನ ಬೆನ್ನ ಹಿಂದೆಯೇ ನಿಲ್ಲುತ್ತಿದ್ದ ನೀಲಾಂಬಿಕೆಯನ್ನು ಡಾಕ್ಟರ್ ಅಂದು ಎದುರಿನ ತುದಿಗೆ ಕಳಿಸಿದರು. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದರೇ ವಿನಾ ತೋರಿಸುವುದಿಲ್ಲ ಎಂದಿರಲಿಲ್ಲ. ಯಮನೂರಪ್ಪ ಮಾಸ್ತರರ ಹಿಂದೆ ಕೈ ಚಾಚಿಕೊಂಡು ನಿಂತ. ದೀಪ ಹೊತ್ತಿತು.

"ಮುಂದೇ... ನಡೆ."

ಪಡಸಾಲೆಯ ಗಾಜುಗಳು ಗುಂಯ್‌ಗುಟ್ಟಿದವು. ಮಾಸ್ತರರ ಬಲಗಾಲು ಹಿಂದೆ ಸರಿಯಿತು. ಆ ತುದಿಯಲ್ಲಿ ಮಗಳ ಬಲಗಾಲೂ ಹಿಂದೆ ಸರಿಯಿತು. ಅವರ ಎಡಗಾಲು ಬಲಗಾಲಿನ ಮಗ್ಗುಲಿಗೆ ಬಂದು ಅಂಟಿತು, ಅವಳದೂ ಅಂಟಿತು. ಯಮನೂರಪ್ಪನ ತೋಳಿಗೆ ಒರಗಿದ ಮಾಸ್ತರರು ತಮ್ಮ ಕಾಲನ್ನು ನೋಡಿಕೊಂಡರು, ಮಗಳ ಕಾಲನ್ನು ನೋಡಿದರು. ಕಣ್ಣು ತಪ್ಪು ಕಂಡಿರಬೇಕೆಂದುಕೊಂಡು ಇನ್ನೊಮ್ಮೆ ಕೂಗಿದರು. ಆ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. ಆದರೂ ಅಷ್ಟು ದೂರದಲ್ಲಿ, ಸೂತ್ರ ಕಟ್ಟಿ ಎಳೆದಂತೆ, ಎರಡು ಜೊತೆ ಕಾಲುಗಳು ಒಟ್ಟಿಗೇ ಹಿಂದೆ ಹೋದವು.

ಅಪ್ಪನಿಗೆ ಸಿಟ್ಟು ಬರುತ್ತದೆಂದು ನೀಲಾಂಬಿಕೆ ಕಾದಳು. ಕಿವಿ ಮುಚ್ಚಿಕೊಳ್ಳಲು ಕೈ ತಾನಾಗಿ ಮೇಲೇರಿತ್ತು. ಆದರೆ ಅಪ್ಪನ ಮುಖ ಬಿಳಿಚಿಕೊಂಡಿತ್ತು. ಅವರಿಗೆ ಹೆದರಿಕೆಯಾಗಿತ್ತು. ಕಡ ತಂದ ಕಾಲಿನ ಮೂಲಕ ತಮ್ಮದೇ ದನಿ ಅವರನ್ನು ಮುಟ್ಟಿತ್ತು. ಆಮೇಲೆ ತಲೆ ಬಗ್ಗಿಸಿ, ಕತ್ತಲಿಗೆ ಅಂಜಿದ ಕೂಸಿಗೆ ಹೇಳುವಂತೆ ತಮ್ಮ ಕಾಲುಗಳಿಗೆ ಹೇಳಿದರು:

"ನಡಿಯವ್ವಾ... ನಡಿ. ಏನೂ ಆಗೂದಿಲ್ಲ."

ಕಾಲು ಮುಂದೆ ಬಂತು.

ಚಿಕಿತ್ಸೆ ಮುಗಿದು ಕವಚ ಬಿಚ್ಚಿದ ಮೇಲೂ ಆ ನಡಿಗೆ ಅವರಲ್ಲೇ ಉಳಿಯಿತು. ಮೆದುಳು ಪಾಠವನ್ನು ಬಾಯಿಪಾಠ ಮಾಡಿಬಿಟ್ಟಿತ್ತು. ಇನ್ನು ಮುಂದೆ ದಾನಿಗಳ ಕಾಲು ಅಳೆಯುವ ಮೊದಲು ಅವರು ಯಾರೊಂದಿಗೆ ಬಾಳುತ್ತಿದ್ದಾರೆಂದು ವಿಚಾರಿಸಬೇಕೆಂಬ ನಿಯಮವನ್ನು ಡಾಕ್ಟರ್ ತಮಗೆ ತಾವೇ ಹಾಕಿಕೊಂಡರು. ಚಿಕಿತ್ಸೆ ಸಫಲವಾಯಿತೆಂದು ಎಲ್ಲರೂ ಹೇಳಿದರು. ಹಾಗೆ ಹೇಳಿದವರಾರೂ ನೀಲಾಂಬಿಕೆಯ ಜೊತೆ ಮನೆಗೆ ಹೋಗಲಿಲ್ಲ.

ಮನೆಯಲ್ಲಿ ಅವಳ ಭಯ ಇಮ್ಮಡಿಯಾಯಿತು. ಮೊದಲು ಅಪ್ಪ ಬರುವುದು ಓಣಿಯ ತಿರುವಿನಿಂದಲೇ ಕೇಳುತ್ತಿತ್ತು. ಆ ಧಪಧಪ ಕೇಳಿದೊಡನೆ ಮುಖ ಒರೆಸಿಕೊಂಡು, ಓದುತ್ತಿದ್ದುದನ್ನು ಮುಚ್ಚಿಟ್ಟು, ನಿಲ್ಲಬೇಕಾದ ಜಾಗದಲ್ಲಿ ನಿಲ್ಲಲು ಸಮಯವಿರುತ್ತಿತ್ತು. ಈಗ ಅಪ್ಪ ಅವಳ ಹಾಗೆಯೇ ಸದ್ದಿಲ್ಲದೆ ನಡೆಯುತ್ತಿದ್ದರು. ರೊಟ್ಟಿ ಬಡಿಯುತ್ತ ಕುಳಿತವಳು ನೀರಿಗೆಂದು ತಿರುಗಿದರೆ ಬೆನ್ನ ಹಿಂದೆಯೇ ಅಪ್ಪ. ಬಟ್ಟೆ ಮಡಿಚುತ್ತ ಹೊರಳಿದರೆ ಅಪ್ಪ. ಅವರು ಕೂಗುತ್ತಿರಲಿಲ್ಲ, ನಿಜ. ಆದರೆ ಕೂಗದ ಅಪ್ಪ ಯಾವ ಮೂಲೆಯಲ್ಲಿದ್ದಾರೆಂದು ತಿಳಿಯುವ ಬಗೆ ಅವಳಿಗೆ ಗೊತ್ತಿರಲಿಲ್ಲ. ಒಂದು ಮುಂಜಾನೆ ಹೀಗೇ ಬೆಚ್ಚಿ, ಕಾದ ಹೆಂಚಿಗೆ ಮೊಣಕೈ ತಾಗಿಸಿಕೊಂಡಳು. ಅಪ್ಪ ನೋಡಿದರು. ಹೊಸ್ತಿಲು ದಾಟಿ ಹೊರಗೆ ಹೋದರು.

ಮರುದಿನ ಅವಳು ಒಲೆಯ ಮುಂದೆ ನಿಂತು ಪಲ್ಯ ತಿರುವುತ್ತಿದ್ದಾಗ ಹೊಸ್ತಿಲ ಆಚೆಯಿಂದ ದನಿ ಕೇಳಿತು. ಎಷ್ಟು ತಗ್ಗಿದ ದನಿಯೆಂದರೆ, ಯಾರೋ ನೆರೆಮನೆಯವರಿರಬೇಕೆಂದು ಅವಳು ಮೊದಲು ತಿಳಿದಳು.

"ನೀಲಾ, ನಾ ಬಂದೀನಿ. ಒಳಗ ಬರ್ಲ್ಯಾ?"

ತಮ್ಮದೇ ಮನೆಯ ಅಡುಗೆಮನೆಗೆ ಅವರು ಹೀಗೆ ಕೇಳಿ ಬಂದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ತಿರುಗುವಷ್ಟರಲ್ಲಿ ಅವಳ ಬಲಗಾಲು ಆಗಲೇ ಹಿಂದೆ ಸರಿದಿತ್ತು. ಅಪ್ಪ ಅವಳ ಮುಖ ನೋಡುತ್ತಿರಲಿಲ್ಲ, ಆ ಕಾಲನ್ನು ನೋಡುತ್ತಿದ್ದರು. "ಬರ್ರಿ" ಎನ್ನಲು ಅವಳಿಗೆ ಹೊತ್ತು ಹಿಡಿಯಿತು. ಹಾಗೆಂದ ಮೇಲೂ ಅವರು ಕದಲಲಿಲ್ಲ. ಪಲ್ಯ ತಳ ಹತ್ತಿ ವಾಸನೆ ಬರತೊಡಗಿತು. ಅವಳ ಕಾಲು ತಾನಾಗಿ ತನ್ನ ಜಾಗಕ್ಕೆ ಮರಳುವವರೆಗೂ ಅವರು ಗೋಡೆ ಹಿಡಿದುಕೊಂಡು ಹೊಸ್ತಿಲ ಹೊರಗೇ ನಿಂತಿದ್ದರು.